ಫೈರ್ ಎಂಬ್ಲಮ್: ಥ್ರೀ ಹೌಸಸ್ ಆಡಬಹುದೇ? ಆಡಿದವರ ಅನುಭವಗಳು

ಪ್ರಶ್ನೆ

ಸರದಿಯ ಮೇಲೆ ಸೈನ್ಯ ನಡೆಸುವ ತಂತ್ರದ ಆಟಗಳು ನನಗೆ ಇಷ್ಟ. ಪಾತ್ರಗಳನ್ನು ಬೆಳೆಸುವ ಆರ್‌ಪಿಜಿ ಆಟಗಳ ಅಭ್ಯಾಸ ಮಾತ್ರ ಕಡಿಮೆ. ನಿಂಟೆಂಡೊ ಸ್ವಿಚ್ ಆಟದ ಯಂತ್ರದಲ್ಲಿ ಫೈರ್ ಎಂಬ್ಲಮ್: ಥ್ರೀ ಹೌಸಸ್ ಆರಂಭಿಸೋಣ ಎಂದುಕೊಂಡಿದ್ದೇನೆ. ಕೆಲವರು ಅದನ್ನು ಹಾಡಿ ಹೊಗಳುತ್ತಾರೆ, ಕೆಲವರು ಅರ್ಧಕ್ಕೇ ಕೈಬಿಟ್ಟೆವು ಎನ್ನುತ್ತಾರೆ. ದಿನವೂ ಆಡಲು ನನಗೆ ಸಿಗುವುದು ಸ್ವಲ್ಪವೇ ಸಮಯ. ಪೂರ್ತಿ ಆಡಿದವರು ಗುಣದೋಷಗಳನ್ನು ಬಿಡಿಸಿ ಹೇಳುತ್ತೀರಾ? ಯಾವ ತಂಡ, ಯಾವ ಕಷ್ಟದ ಮಟ್ಟ ಆರಿಸಿಕೊಳ್ಳಲಿ? ಕಥೆಯ ಗುಟ್ಟನ್ನು ಮಾತ್ರ ದಯವಿಟ್ಟು ಬಿಟ್ಟುಕೊಡಬೇಡಿ.

ಉತ್ತರ 1

ಖಂಡಿತ ಆಡಿ. ಅರ್ಧಕ್ಕೆ ಬಿಟ್ಟವರ ಬೇಸರವೂ ಸುಳ್ಳಲ್ಲ. ಅದು ಎಲ್ಲಿ ಹುಟ್ಟುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಅದರಿಂದ ತಪ್ಪಿಸಿಕೊಳ್ಳಬಹುದು.

2019ರ ಜುಲೈನಲ್ಲಿ ಬಂದ ಈ ಆಟವನ್ನು ಇಂಟೆಲಿಜೆಂಟ್ ಸಿಸ್ಟಮ್ಸ್ ಮತ್ತು ಕೋಯಿ ಟೆಕ್ಮೊ ಸೇರಿ ರೂಪಿಸಿದವು. ಫೋಡ್ಲಾನ್ ಎಂಬ ಖಂಡದಲ್ಲಿ ಒಂದು ಸಾಮ್ರಾಜ್ಯ, ಒಂದು ರಾಜ್ಯ, ಒಂದು ಸಾಮಂತರ ಒಕ್ಕೂಟ. ಮೂರರ ನಡುವೆ ಗ್ಯಾರೆಗ್ ಮಾಕ್ ಎಂಬ ಮಠ. ಆ ಮಠದ ಸೇನಾ ಶಾಲೆಗೆ ನೀವು ಅಧ್ಯಾಪಕರಾಗಿ ಬರುತ್ತೀರಿ. ಬ್ಲ್ಯಾಕ್ ಈಗಲ್ಸ್, ಬ್ಲೂ ಲಯನ್ಸ್, ಗೋಲ್ಡನ್ ಡೀರ್ ಎಂಬ ಮೂರು ತಂಡಗಳಲ್ಲಿ ಒಂದನ್ನು ಆರಿಸಿಕೊಂಡು ಅವರಿಗೆ ಪಾಠ ಹೇಳಬೇಕು. ತಿಂಗಳ ಕೊನೆಗೆ ಅದೇ ಹುಡುಗ ಹುಡುಗಿಯರನ್ನು ರಣರಂಗಕ್ಕೆ ಕರೆದೊಯ್ಯಬೇಕು.

ಆಟದ ಜೀವಾಳ ಇರುವುದು ಈ ಪಾಠದಲ್ಲಿ. ಯಾರಿಗೆ ಕತ್ತಿ, ಯಾರಿಗೆ ಈಟಿ, ಯಾರಿಗೆ ಮಂತ್ರವಿದ್ಯೆ ಎಂಬುದು ನಿಮ್ಮ ನಿರ್ಧಾರ. ಬ್ಲೂ ಲಯನ್ಸ್ ತಂಡದ ಫೆಲಿಕ್ಸ್‌ನನ್ನೇ ನೋಡಿ. ಅವನು ಕತ್ತಿಯ ಬಿಟ್ಟು ಬೇರೆ ಧ್ಯಾನವಿಲ್ಲದವನು. ಮಂತ್ರವಿದ್ಯೆ ಅವನ ದೌರ್ಬಲ್ಯಗಳ ಪಟ್ಟಿಯಲ್ಲೇ ಇದೆ. ಆದರೂ ಪಟ್ಟು ಬಿಡದೆ ಅದನ್ನೇ ಕಲಿಸುತ್ತ ಹೋದರೆ ಒಂದು ದಿನ ಅಡಗಿದ್ದ ಪ್ರತಿಭೆ ಅರಳಿ ದೌರ್ಬಲ್ಯವೇ ಬಲವಾಗಿ ಮಾರ್ಪಡುತ್ತದೆ. ಅಂಥ ಕ್ಷಣ ಬಂದಾಗ ನಿಜವಾಗಿಯೂ ಶಿಷ್ಯನೊಬ್ಬ ಗೆದ್ದಷ್ಟು ಸಂತೋಷವಾಗುತ್ತದೆ. ಹೀಗೆ ಬೆಳೆಸಿದವರನ್ನು ಯುದ್ಧದಲ್ಲಿ ಒಂದು ಚೌಕ ಮುಂದಿಡುವಾಗಲೂ ಕೈ ತಡೆಯುತ್ತದೆ. ಕ್ಲಾಸಿಕ್ ಬಗೆಯನ್ನು ಆರಿಸಿಕೊಂಡಿದ್ದರೆ ಬಿದ್ದವರು ಮತ್ತೆ ಬರುವುದಿಲ್ಲ. ಕ್ಯಾಶುವಲ್ ಬಗೆಯಲ್ಲಿ ಯುದ್ಧ ಮುಗಿದ ಮೇಲೆ ಮರಳುತ್ತಾರೆ.

ಯುದ್ಧ ಹೇಗಿರುತ್ತದೆ ಎಂಬುದಕ್ಕೆ ಏಳನೆಯ ಅಧ್ಯಾಯದ ಗ್ರಾಂಡರ್ ಬಯಲು ಒಳ್ಳೆಯ ಉದಾಹರಣೆ. ಅಲ್ಲಿ ಮೂರೂ ತಂಡಗಳು ಅಣಕು ಯುದ್ಧಕ್ಕೆ ಇಳಿಯುತ್ತವೆ. ನಡುವೆ ಒಂದು ದಿಬ್ಬ, ಅದರ ಮೇಲೆ ದೂರಕ್ಕೆ ಬಾಣ ಎಸೆಯುವ ಬ್ಯಾಲಿಸ್ಟಾ ಯಂತ್ರ. ಆತುರಪಟ್ಟು ದಿಬ್ಬ ಏರಿದರೆ ಎರಡು ಕಡೆಯಿಂದಲೂ ಏಟು ಬೀಳುತ್ತದೆ. ಕಾದು ಕುಳಿತರೆ ಉಳಿದೆರಡು ತಂಡಗಳು ತಾವೇ ಬಡಿದಾಡಿ ಸೊರಗುತ್ತವೆ, ಆದರೆ ನಿಮ್ಮ ವಿದ್ಯಾರ್ಥಿಗಳಿಗೆ ಸಿಗಬೇಕಾದ ಅನುಭವಾಂಕಗಳು ಕೈತಪ್ಪುತ್ತವೆ. ಶತ್ರು ಮುಂದಿನ ಸರದಿಯಲ್ಲಿ ಯಾರ ಮೇಲೆ ಬೀಳಲಿದ್ದಾನೆ ಎಂಬುದನ್ನು ತೆರೆಯ ಮೇಲೆ ಕೆಂಪು ಗೆರೆ ತೋರಿಸುತ್ತದೆ. ಒಬ್ಬರನ್ನು ಒಂದೇ ಚೌಕ ಹಿಂದಕ್ಕೆ ಸರಿಸಿ, ಆ ಗೆರೆ ಗುರಾಣಿ ಹಿಡಿದ ಇನ್ನೊಬ್ಬರ ಕಡೆಗೆ ತಿರುಗುವುದನ್ನು ನೋಡುವುದೇ ಒಂದು ಸುಖ. ತಂತ್ರದ ಆಟ ಬಲ್ಲ ನಿಮಗೆ ಇದು ಕೂಡಲೇ ಹಿಡಿಸುತ್ತದೆ.

ಹೊಸಬರು ಎಡವುವ ಎರಡು ವಿಷಯಗಳಿವೆ. ಡಿವೈನ್ ಪಲ್ಸ್ ಎಂಬ ಶಕ್ತಿಯಿಂದ ಕಾಲವನ್ನು ಹಿಂದಕ್ಕೆ ತಿರುಗಿಸಿ ನಡೆಯನ್ನು ಬದಲಿಸಬಹುದು. ಆದರೆ ಹಿಂದಕ್ಕೆ ಹೋಗಿ ಅದೇ ಕ್ರಮದಲ್ಲಿ ಅದೇ ನಡೆ ಇಟ್ಟರೆ ಫಲವೂ ಅದೇ. ತಪ್ಪಿದ ಏಟು ಮತ್ತೆ ತಪ್ಪುತ್ತದೆ. ಕ್ರಮ ಬದಲಿಸಬೇಕು, ಅಥವಾ ಬೇರೆಯವರಿಂದ ಮೊದಲು ಹೊಡೆಸಬೇಕು. ಇನ್ನೊಂದು ಆಯುಧದ ತೂಕ. ದಾಳಿಯ ವೇಗ ಎದುರಾಳಿಗಿಂತ 4 ಹೆಚ್ಚಿದ್ದರೆ ಎರಡು ಏಟು ಸಿಗುತ್ತದೆ. ಬಲವಿಲ್ಲದವರ ಕೈಗೆ ಭಾರದ ಉಕ್ಕಿನ ಕೊಡಲಿ ಕೊಟ್ಟರೆ ಆ ವೇಗ ಕುಸಿದು, ಎರಡು ಏಟು ತಿನ್ನುವ ಸರದಿ ಅವರದಾಗುತ್ತದೆ. ಅಂಥವರಿಗೆ ಕಬ್ಬಿಣದ ಹಗುರ ಆಯುಧವೇ ಲೇಸು.

ಇನ್ನು ದೋಷಗಳು. ಮೊದಲ 12 ಅಧ್ಯಾಯಗಳು ಯಾವ ತಂಡ ಆರಿಸಿದರೂ ಬಹುಪಾಲು ಒಂದೇ: ಅದೇ ಮ್ಯಾಪ್‌ಗಳು, ಹೆಚ್ಚುಕಡಿಮೆ ಅದೇ ಘಟನೆಗಳು. ಎಲ್ಲ ದಾರಿಗಳನ್ನೂ ನೋಡಿಬಿಡಬೇಕೆಂದು ಒಂದರ ಹಿಂದೊಂದು ಆಡುವವರು ಇಲ್ಲೇ ಬಳಲುವುದು. ಮಠದ ಓಡಾಟ ಇನ್ನೊಂದು. ಮೀನು ಹಿಡಿಯುವುದು, ಗಿಡ ನೆಡುವುದು, ಕಳೆದುಹೋದ ವಸ್ತುಗಳನ್ನು ಅವರವರಿಗೆ ತಲುಪಿಸುವುದು, ಚಹಾಕ್ಕೆ ಕರೆಯುವುದು, ಜೊತೆಯಲ್ಲಿ ಊಟ ಮಾಡುವುದು. ಮೊದಲ ಕೆಲವು ತಿಂಗಳು ಇವೆಲ್ಲ ಚೆಲುವಾಗಿವೆ, ಪಾತ್ರಗಳ ಸ್ವಭಾವ ಪರಿಚಯವಾಗುವುದೂ ಇಲ್ಲೇ. ಆಮೇಲೆ ಅವು ಕಡ್ಡಾಯವೆಂದು ಭಾವಿಸಿದವರಿಗೆ ಹೊರೆಯಾಗುತ್ತವೆ. ಆಟ ನಿಮ್ಮನ್ನು ಬಲವಂತ ಮಾಡುವುದಿಲ್ಲ. ಭಾನುವಾರವನ್ನು ವಿಶ್ರಾಂತಿಗೋ ವಿಚಾರಗೋಷ್ಠಿಗೋ ಹೆಚ್ಚುವರಿ ಯುದ್ಧಕ್ಕೋ ಕೊಡಬಹುದು. ತಿಂಗಳಿಗೊಮ್ಮೆ ಮಠ ಸುತ್ತಿ, ಮಕ್ಕಳೊಂದಿಗೆ ಊಟ ಮಾಡಿ ಅವರ ಹುರುಪು ತುಂಬಿಸಿ, ಉಳಿದ ವಾರಗಳನ್ನು ಬೇರೆ ರೀತಿ ಕಳೆದರೆ ಏನೂ ಕೆಡುವುದಿಲ್ಲ. ನಿಮ್ಮಂತೆ ಸಮಯ ಕಡಿಮೆ ಇರುವವರಿಗೆ ಇದೇ ಸರಿ.

ನನ್ನ ಸಲಹೆ: ಹಾರ್ಡ್ ಮಟ್ಟ, ಕ್ಲಾಸಿಕ್ ಬಗೆ. ನಾರ್ಮಲ್ ನಿಮಗೆ ತೀರಾ ಸಲೀಸಾಗುತ್ತದೆ. ಕಷ್ಟವೆನಿಸಿದರೆ ನಡುವೆಯೇ ಮಟ್ಟ ಇಳಿಸಬಹುದು, ಏರಿಸಲು ಮಾತ್ರ ಆಗದು. ತಂಡ ಬ್ಲೂ ಲಯನ್ಸ್. ಆ ಮಕ್ಕಳ ಬಾಲ್ಯ ಒಬ್ಬರಿಗೊಬ್ಬರು ಹೆಣೆದುಕೊಂಡಿದೆ, ಅವರ ನಾಯಕ ಡಿಮಿಟ್ರಿಯ ಕಥೆ ಒಂದೇ ಆಟಕ್ಕೆ ತುಂಬು ಊಟ.

ಉತ್ತರ 2

ಮೇಲಿನವರು ಮಠದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಪ್ರಶ್ನೆ ಕೇಳಿದವರು ತಂತ್ರದ ಆಟಗಳಿಂದ ಬಂದವರು, ಆದ್ದರಿಂದ ಯುದ್ಧದ ದೋಷಗಳನ್ನು ಇನ್ನಷ್ಟು ನೇರವಾಗಿ ಹೇಳಬೇಕು.

ಈ ಸರಣಿಯ ಹಳೆಯ ಆಟಗಳಲ್ಲಿ ಕತ್ತಿ ಕೊಡಲಿಯನ್ನು, ಕೊಡಲಿ ಈಟಿಯನ್ನು, ಈಟಿ ಕತ್ತಿಯನ್ನು ಮಣಿಸುವ ತ್ರಿಕೋನವೊಂದಿತ್ತು. ಇಲ್ಲಿ ಅದನ್ನು ತೆಗೆದಿದ್ದಾರೆ. ಅದರ ಜಾಗಕ್ಕೆ ಬಂದ, ಪಾತ್ರಗಳ ಜೊತೆಗೆ ನಿಯೋಜಿಸುವ ಸೈನಿಕರ ತುಕಡಿಗಳು ಚೆನ್ನಾಗಿವೆ: ತುಕಡಿಯ ಗ್ಯಾಂಬಿಟ್ ದಾಳಿಗೆ ಶತ್ರು ಎದುರೇಟು ಕೊಡಲಾರ, ಏಟು ತಿಂದವರು ಮುಂದಿನ ಸರದಿಯಲ್ಲಿ ಜಾಗ ಬಿಟ್ಟು ಕದಲಲಾರರು. ದೊಡ್ಡ ಮೃಗಗಳ ಸುತ್ತಲಿನ ಕವಚ ಒಡೆಯುವುದಕ್ಕೂ ಇದೇ ಸಾಧನ. ಗ್ಯಾಂಬಿಟ್‌ಗಳನ್ನು ಮರೆತು ಆಡಿದವರೇ ಮೃಗಗಳ ಅಧ್ಯಾಯಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ನನ್ನ ದೂರು ಸಮತೋಲನದ್ದು. ಯಾರಿಗೆ ಏನು ಬೇಕಾದರೂ ಕಲಿಸಬಹುದು ಎನ್ನುವ ಸ್ವಾತಂತ್ರ್ಯ ಕೊಟ್ಟ ಆಟದಲ್ಲಿ ವೈವರ್ನ್ ಎಂಬ ರೆಕ್ಕೆಯ ಡ್ರ್ಯಾಗನ್ ಏರಿ ಹಾರುವವರು ಉಳಿದೆಲ್ಲರನ್ನೂ ಮೀರಿಸಿಬಿಡುತ್ತಾರೆ. ಅವರಿಗೆ ಬೆಟ್ಟ, ಕಾಡು ಯಾವುದೂ ಅಡ್ಡಿಯಿಲ್ಲ, ಹೊಡೆದ ಮೇಲೆ ಉಳಿದ ಹೆಜ್ಜೆಗಳಷ್ಟು ಹಿಂದಕ್ಕೆ ಸರಿಯಲೂ ಬಹುದು. ಕಾಲಾಳು ಕವಚಧಾರಿಯನ್ನು ಕಷ್ಟಪಟ್ಟು ಬೆಳೆಸಿದವರಿಗೆ ಇದು ಅನ್ಯಾಯವೆನಿಸುತ್ತದೆ. ಕೆಲವು ವೃತ್ತಿಗಳನ್ನು ಗಂಡಸರಿಗೆ, ಕೆಲವನ್ನು ಹೆಂಗಸರಿಗೆ ಮೀಸಲಿಟ್ಟಿರುವುದಂತೂ ಅರ್ಥವಿಲ್ಲದ ಕಟ್ಟುಪಾಡು. ಮುಷ್ಟಿಯುದ್ಧದ ವಾರ್ ಮಾಸ್ಟರ್ ಹುದ್ದೆ ಪುರುಷರಿಗೆ ಮಾತ್ರ, ಮಂತ್ರವಿದ್ಯೆಯ ಗ್ರೆಮರಿ ಸ್ತ್ರೀಯರಿಗೆ ಮಾತ್ರ. ಮಂತ್ರದಲ್ಲಿ ಪಳಗಿದ ಹುಡುಗನಿಗೆ ಅದಕ್ಕೆ ಸಮನಾದ ಸ್ಥಾನವೇ ಇಲ್ಲ.

2019ರ ಸೆಪ್ಟೆಂಬರ್‌ನಲ್ಲಿ ಸೇರಿಸಿದ, ಎಲ್ಲಕ್ಕಿಂತ ಕಷ್ಟದ ಮ್ಯಾಡನಿಂಗ್ ಮಟ್ಟವನ್ನು ಮೊದಲ ಬಾರಿಗೆ ಮುಟ್ಟಬೇಡಿ. ಅಲ್ಲಿ ಶತ್ರುಗಳ ಕುಮ್ಮಕ್ಕು ಪಡೆ ಕಾಣಿಸಿಕೊಂಡ ಸರದಿಯಲ್ಲೇ ಮೇಲೆರಗುತ್ತದೆ. ಮ್ಯಾಪ್ ಮೊದಲೇ ಗೊತ್ತಿಲ್ಲದವರಿಗೆ ಅದನ್ನು ಊಹಿಸುವ ದಾರಿಯಿಲ್ಲ. ಅಲ್ಲಿ ಪರೀಕ್ಷೆಯಾಗುವುದು ನಿಮ್ಮ ನೆನಪೇ ಹೊರತು ಬುದ್ಧಿಯಲ್ಲ.

ಉತ್ತರ 3

ಕಥೆಗಾಗಿ ಆಡುವವಳು ನಾನು, ಅಷ್ಟನ್ನೇ ಹೇಳುತ್ತೇನೆ. ಮೊದಲ ಭಾಗ ಮುಗಿದು ಐದು ವರ್ಷ ಉರುಳಿದ ಮೇಲೆ ಆಟದ ಬಣ್ಣವೇ ಬದಲಾಗುತ್ತದೆ. ಯಾವ ಕಡೆ ನಿಂತರೂ ಎದುರಿನವರಿಗೂ ಅವರದೇ ಆದ ನ್ಯಾಯವಿರುತ್ತದೆ, ಎದುರು ನಿಂತವನು ಹಿಂದೆ ಊಟದ ಮೇಜಿನಲ್ಲಿ ಜೊತೆಗಿದ್ದವನಾಗಿರಬಹುದು. ಸಂಭಾಷಣೆಗಳಿಗೆಲ್ಲ ಧ್ವನಿ ಕೊಟ್ಟಿರುವುದರಿಂದ ಅದು ಇನ್ನಷ್ಟು ನಾಟುತ್ತದೆ. ಬೇರೆ ತಂಡದಲ್ಲಿ ಇಷ್ಟವಾದ ವಿದ್ಯಾರ್ಥಿಗಳಿದ್ದರೆ ಮೊದಲ ಭಾಗದಲ್ಲೇ ನಿಮ್ಮ ತರಗತಿಗೆ ಕರೆತನ್ನಿ. ನಾಯಕರು ಬರುವುದಿಲ್ಲ, ಉಳಿದ ಹೆಚ್ಚಿನವರು ಬರುತ್ತಾರೆ. ಅವರು ಬಯಸುವ ವಿದ್ಯೆ ನಿಮ್ಮಲ್ಲಿರಬೇಕು. ಸ್ನೇಹ ಗಟ್ಟಿಯಾದಷ್ಟೂ ಆ ಷರತ್ತು ಸಡಿಲವಾಗುತ್ತದೆ.

ದಾರಿಗಳು ಒಟ್ಟು ನಾಲ್ಕು. ಬ್ಲ್ಯಾಕ್ ಈಗಲ್ಸ್ ತಂಡದ ಕಥೆ ಎರಡಾಗಿ ಕವಲೊಡೆಯುತ್ತದೆ. ಆ ತಂಡ ಆರಿಸಿಕೊಂಡರೆ 11ನೆಯ ಅಧ್ಯಾಯದಲ್ಲಿ ತಿಂಗಳು ಮುಗಿಯುವ ಮೊದಲು ಮಠಕ್ಕೆ ಹೋಗಿ ತಂಡದ ನಾಯಕಿ ಎಡೆಲ್‌ಗಾರ್ಡ್ ಜೊತೆ ಮಾತನಾಡಿ, ಅವಳು ಕೇಳಿದ್ದಕ್ಕೆ ಒಪ್ಪಿಕೊಳ್ಳಿ. ಇಲ್ಲದಿದ್ದರೆ ಆಯ್ಕೆ ನಿಮ್ಮ ಕೈಗೇ ಬರುವುದಿಲ್ಲ. ಇಷ್ಟು ದೊಡ್ಡ ತಿರುವಿಗೆ ಆಟ ಸರಿಯಾದ ಸುಳಿವು ಕೊಡದಿರುವುದು ನನಗೆ ಇಂದಿಗೂ ಬೇಸರ. ಅವಳ ದಾರಿ 18 ಅಧ್ಯಾಯಕ್ಕೇ ಮುಗಿಯುತ್ತದೆ, ಉಳಿದವುಗಳಿಗಿಂತ ಚಿಕ್ಕದು, ಕೊನೆಗೆ ಕೆಲವು ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಅದೇ ತಂಡದ ಇನ್ನೊಂದು ದಾರಿ ಮತ್ತು ಗೋಲ್ಡನ್ ಡೀರ್ ದಾರಿ, ಈ ಎರಡರ ದ್ವಿತೀಯಾರ್ಧದಲ್ಲಿ ಅನೇಕ ಯುದ್ಧಗಳು ಒಂದೇ. ಅವೆರಡನ್ನು ಅಕ್ಕಪಕ್ಕದಲ್ಲಿ ಆಡಬೇಡಿ. ಖಂಡದ ಇತಿಹಾಸ ತಿಳಿಯುವ ಕುತೂಹಲವಿದ್ದರೆ ಗೋಲ್ಡನ್ ಡೀರ್ ಸಾಕು. ನಾಯಕ ಕ್ಲಾಡ್ ಪ್ರಶ್ನೆ ಕೇಳುವುದನ್ನು ಬಿಡದವನು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಬ್ಲೂ ಲಯನ್ಸ್, ಹಾರ್ಡ್, ಕ್ಲಾಸಿಕ್ ಎಂದು ನಿರ್ಧರಿಸಿದೆ. ಹೆಚ್ಚುವರಿ ಕಥೆಯ ಪ್ಯಾಕ್ ಈಗಲೇ ಬೇಕೇ? ಎರಡನೆಯ ಬಾರಿ ಆಡಿದರೆ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕೇ?

ಉತ್ತರ 2

ಈಗ ಬೇಡ. 2020ರ ಫೆಬ್ರವರಿಯಲ್ಲಿ ಬಂದ ಸಿಂಡರ್ಡ್ ಶಾಡೋಸ್ ಮುಖ್ಯ ಆಟದಿಂದ ಪ್ರತ್ಯೇಕವಾಗಿ ನಡೆಯುವ ಚಿಕ್ಕ ಕಥೆ. ಅಲ್ಲಿ ಯಾರು ಬರುತ್ತಾರೆಂಬುದು ಮೊದಲೇ ನಿಗದಿಯಾಗಿದೆ, ಪಾಠವಿಲ್ಲ, ಮಠದ ಓಡಾಟವಿಲ್ಲ, ಮ್ಯಾಪ್‌ಗಳು ಬಿಗಿಯಾಗಿವೆ. ತಂತ್ರದ ದೃಷ್ಟಿಯಿಂದ ಇಡೀ ಆಟದ ಅತ್ಯುತ್ತಮ ಯುದ್ಧಗಳಲ್ಲಿ ಕೆಲವು ಅಲ್ಲೇ ಇವೆ ಎನ್ನುವುದು ನನ್ನ ಅಭಿಪ್ರಾಯ. ಒಮ್ಮೆ ಮುಖ್ಯ ಕಥೆ ಮುಗಿಸಿ, ಯುದ್ಧ ಇನ್ನೂ ಬೇಕೆನಿಸಿದರೆ ಕೊಳ್ಳಿ.

ಉತ್ತರ 1

ಎರಡನೆಯ ಬಾರಿಗೆ ನ್ಯೂ ಗೇಮ್ ಪ್ಲಸ್ ಇದೆ. ಮೊದಲ ಆಟದಲ್ಲಿ ಗಳಿಸಿದ ಕೀರ್ತಿಯ ಅಂಕಗಳನ್ನು ಖರ್ಚು ಮಾಡಿ ಅಧ್ಯಾಪಕರ ಮಟ್ಟವನ್ನೂ ಹಳೆಯ ಸ್ನೇಹಗಳನ್ನೂ ಮರಳಿ ಪಡೆಯಬಹುದು. ಮೊದಲು ಅಧ್ಯಾಪಕರ ಮಟ್ಟವನ್ನು ಕೊಂಡುಕೊಳ್ಳಿ. ಆಗ ಒಂದೇ ಭಾನುವಾರದಲ್ಲಿ ಹೆಚ್ಚು ಕೆಲಸ ಮುಗಿಯುತ್ತದೆ, ಆ 12 ಅಧ್ಯಾಯಗಳನ್ನು ಬೇಗ ದಾಟಬಹುದು. ನೋಡಿದ ದೃಶ್ಯಗಳನ್ನು ಬಿಟ್ಟು ಮುಂದೆ ಹೋಗುವ ಅವಕಾಶವೂ ಇದೆ.