ಸಹಾಯ ಬೇಕು: ಮಗಳಿಗೆ ನನ್ನ ಹಾಲು ಸಾಲುತ್ತಿದೆಯಾ?

ನಮ್ಮದು ಸೋಮವಾರಪೇಟೆ ಹತ್ತಿರದ ತೋಟದ ಮನೆ. ಮಗಳಿಗೆ 3 ತಿಂಗಳು. ನಾಲ್ಕು ದಿನದಿಂದ ಗಂಟೆಗೊಂದು ಸಲ ಹಾಲಿಗೆ ಅಳುತ್ತಾಳೆ. ಮೊದಲು ಎದೆ ಕಟ್ಟಿಕೊಂಡು ರವಿಕೆ ಒದ್ದೆಯಾಗುತ್ತಿತ್ತು, ಈಗ ಮೆತ್ತಗೆ, ಖಾಲಿ ಅನಿಸುತ್ತೆ. "ಹಾಲು ಬತ್ತಿದೆ, ಡಬ್ಬಿ ಹಾಲು ಕೊಡು" ಅಂತಾರೆ ಅತ್ತೆ. ಪಾಪ, ಬೆಳ್ಳುಳ್ಳಿ ಸಾರು ಮಾಡಿಕೊಡೋದೂ ಅವರೇ.

ಆಶಾ ಅಕ್ಕ ತೂಕ ನೋಡಿ, ತಿಂಗಳಲ್ಲಿ 650 ಗ್ರಾಂ ಏರಿದೆ, ಈ ವಯಸ್ಸಲ್ಲಿ ಮಕ್ಕಳು ಹೀಗೇ, ಕೇಳಿದಾಗೆಲ್ಲ ಕುಡಿಸಿದರೆ ಹಾಲೂ ಹೆಚ್ಚುತ್ತೆ ಎಂದರು. ದಿನಕ್ಕೆ 7-8 ಬಟ್ಟೆ ಒದ್ದೆ ಮಾಡುತ್ತಾಳೆ. ಈ ಮಳೆಗೆ ಒಂದೊಂದನ್ನೂ ಒಲೆ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸುತ್ತೇನಲ್ಲ, ಲೆಕ್ಕ ತಪ್ಪಲ್ಲ! ಆದರೂ ರಾತ್ರಿ 2 ಗಂಟೆಗೆ ಅತ್ತರೆ ಧೈರ್ಯ ಹೋಗುತ್ತೆ.

ನಿಮಗೂ ಹೀಗಾಗಿತ್ತಾ? ಎಷ್ಟು ದಿನ? ಮಡಿಕೇರಿ ಕಡೆ ಹಾಲುಣಿಸೋದನ್ನು ಪಕ್ಕದಲ್ಲಿ ಕೂತು ನೋಡಿ ಹೇಳುವ ನರ್ಸ್ ಇದ್ದರೆ ತಿಳಿಸಿ.