ನಗದಿಲ್ಲದ ಗಡಿನಾಡಿನಲ್ಲಿ ಜರ್ಮನ್ ವರ್ತಕರು ಅಂಗಡಿ ನಡೆಸಿದ್ದು ಹೇಗೆ?

ಪ್ರಶ್ನೆ

ನ್ಯೂ ಮೆಕ್ಸಿಕೋದ ಲಾಸ್ ವೇಗಸ್ ಎಂಬ ಊರಿನಲ್ಲಿ (ಇದು ನೆವಾಡಾದ ಜೂಜಿನ ನಗರವಲ್ಲ) ದೊಡ್ಡ ವ್ಯಾಪಾರ ಕಟ್ಟಿದ ಚಾರ್ಲ್ಸ್ ಇಲ್‌ಫೆಲ್ಡ್ ಅವರ ಬಗ್ಗೆ ಕೆಲವು ಕಾಲದಿಂದ ಓದುತ್ತಿದ್ದೇನೆ. 1847ರಲ್ಲಿ ಜರ್ಮನಿಯ ಹೊಂಬುರ್ಗ್‌ನಲ್ಲಿ ಹುಟ್ಟಿದ ಈ ಯಹೂದಿ ತರುಣ 1865ರಲ್ಲಿ ನ್ಯೂಯಾರ್ಕಿಗೆ ಬಂದಿಳಿದು, ಸಾಂತಾ ಫೇ ಮಾರ್ಗವಾಗಿ ಟಾವೋಸ್ ಸೇರಿ, ಅಡಾಲ್ಫ್ ಲೆಚರ್ ಎಂಬ ವರ್ತಕರ ಬಳಿ ಕೆಲಸಕ್ಕೆ ನಿಂತರು. 1867ರಲ್ಲಿ ಇಬ್ಬರೂ ಸರಕನ್ನೆಲ್ಲ ಕತ್ತೆಗಳ ಮೇಲೆ ಹೇರಿಕೊಂಡು ಬೆಟ್ಟ ದಾಟಿ ಲಾಸ್ ವೇಗಸ್‌ಗೆ ಬಂದರು. 1874ರಲ್ಲಿ ಲೆಚರ್ ಅವರ ಪಾಲನ್ನು ಕೊಂಡ ಮೇಲೆ ಅಂಗಡಿ ಇಲ್‌ಫೆಲ್ಡ್ ಒಬ್ಬರದೇ ಆಯಿತು.

ನನಗೆ ಬಗೆಹರಿಯದಿರುವುದು ಲೆಕ್ಕದ ಸಂಗತಿ. ಅವರ ಗಿರಾಕಿಗಳಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಮಾತನಾಡುವ ಕುರಿಗಾಹಿಗಳು ಮತ್ತು ಸಣ್ಣ ರೈತರು; ಅವರ ಕೈಯಲ್ಲಿ ನಗದು ಇರಲಿಲ್ಲ. ಆದರೆ ಬಟ್ಟೆ, ಸಕ್ಕರೆ, ಕಬ್ಬಿಣದ ಸಾಮಾನು ಕಳಿಸುವ, ಅಮೆರಿಕದ ಪೂರ್ವ ಭಾಗದ ಸಗಟು ವ್ಯಾಪಾರಿಗಳಿಗೆ ಹಣವೇ ಬೇಕು. ನಡುವಿನ ಈ ಅಂತರವನ್ನು ವರ್ತಕ ಹೇಗೆ ತುಂಬುತ್ತಿದ್ದ?

ಮೊದಲ ಉತ್ತರ

ನಿಮ್ಮ ಪ್ರಶ್ನೆ ವ್ಯವಹಾರದ ಬುಡಕ್ಕೇ ಕೈಹಾಕಿದೆ. ಅಲ್ಲಿ ಮಾರುವುದು ಕಷ್ಟವಿರಲಿಲ್ಲ. ಮಾರಿದ್ದಕ್ಕೆ ಬಂದುದನ್ನು ಪೂರ್ವದಲ್ಲಿ ಸಲ್ಲುವ ಹಣವಾಗಿ ಮಾಡಿಕೊಳ್ಳುವುದು ಕಷ್ಟವಿತ್ತು. ಮಿಸೌರಿಯಿಂದ ಸಾಂತಾ ಫೇವರೆಗೆ ಸುಮಾರು 1,400 ಕಿಲೋಮೀಟರ್ ದಾರಿಯನ್ನು ಎತ್ತು ಅಥವಾ ಹೇಸರಗತ್ತೆ ಎಳೆಯುವ ಬಂಡಿಗಳು ವಾರಗಟ್ಟಲೆ ಸವೆಸಬೇಕಿತ್ತು. ಆದ್ದರಿಂದ ವರ್ತಕ ತಿಂಗಳುಗಳ ಮುಂಚೆಯೇ ಸರಕು ಬರೆಸಿ, ಅದು ಬಂದ ಮೇಲೆ ಉದ್ದರಿಗೆ ಕೊಟ್ಟು, ಉಣ್ಣೆ ಕತ್ತರಿಸುವ ಕಾಲದವರೆಗೆ ಕಾಯುತ್ತಿದ್ದ. ಸಾಲಕ್ಕೆ ಪ್ರತಿಯಾಗಿ ಉಣ್ಣೆ, ಕುರಿಯ ತೊಗಲು, ಧಾನ್ಯ ಬರುತ್ತಿತ್ತು. ಉಣ್ಣೆ ಮತ್ತು ತೊಗಲನ್ನು ಮೂಟೆ ಕಟ್ಟಿ ಪೂರ್ವಕ್ಕೆ ಕಳಿಸಿದರೆ ಅಲ್ಲಿನ ಖಾತೆಯಲ್ಲಿ ಜಮೆಯಾಗುತ್ತಿತ್ತು. ಧಾನ್ಯ ಅಷ್ಟು ದೂರದ ಬಂಡಿ ಬಾಡಿಗೆಯನ್ನು ತಾಳುವ ಸರಕಲ್ಲ, ಹಾಗಾಗಿ ಅದಕ್ಕೆ ಹತ್ತಿರದಲ್ಲೇ ಕೊಳ್ಳುವವರು ಬೇಕಿತ್ತು.

ಆ ಕೊಳ್ಳುವವರೇ ಅಮೆರಿಕದ ಸೇನೆ. 1851ರಲ್ಲಿ ಸ್ಥಾಪನೆಯಾದ ಫೋರ್ಟ್ ಯೂನಿಯನ್ ಲಾಸ್ ವೇಗಸ್‌ನ ಉತ್ತರಕ್ಕೆ, ಬಂಡಿ ಹೋಗಿಬರುವಷ್ಟು ಹತ್ತಿರದಲ್ಲಿತ್ತು ಮತ್ತು ಆ ಭಾಗದ ಕೋಟೆಗಳಿಗೆಲ್ಲ ಉಗ್ರಾಣವಾಗಿತ್ತು. ವರ್ತಕರು ಸಣ್ಣ ರೈತರಿಂದ ಸಾಲದ ಬಾಬ್ತು ಪಡೆದ ಮುಸುಕಿನ ಜೋಳ, ಹುಲ್ಲು, ಹಿಟ್ಟನ್ನು ಗುತ್ತಿಗೆಯ ಮೇಲೆ ಸೇನೆಗೆ ಒದಗಿಸಿದಾಗ ಸರ್ಕಾರದ ಪಾವತಿ ಪತ್ರಗಳು ಸಿಗುತ್ತಿದ್ದವು, ಅವು ನ್ಯೂಯಾರ್ಕಿನಲ್ಲಿ ಹುಂಡಿಯಂತೆಯೇ ಸಲ್ಲುತ್ತಿದ್ದವು. ನನ್ನ ಅಭಿಪ್ರಾಯದಲ್ಲಿ, ಆ ಕಾಲದ ನ್ಯೂ ಮೆಕ್ಸಿಕೋ ವ್ಯಾಪಾರವನ್ನು ಅಂಗಡಿಯ ಕಟ್ಟೆಯಿಂದ ನೋಡುವುದಕ್ಕಿಂತ ಕೋಟೆಯ ಉಗ್ರಾಣದಿಂದ ನೋಡಿದರೆ ಹೆಚ್ಚು ಅರ್ಥವಾಗುತ್ತದೆ.

ಎರಡನೆಯ ಉತ್ತರ

ಮೇಲಿನ ಉತ್ತರಕ್ಕೆ ನೆಂಟಸ್ತಿಕೆಯ ಮಾತನ್ನು ಸೇರಿಸಬೇಕು. ಸಾಂತಾ ಫೇಯ ಸ್ಪೀಗೆಲ್‌ಬರ್ಗ್ ಮನೆತನವನ್ನೇ ನೋಡಿ. 1846ರಲ್ಲಿ ಅಮೆರಿಕ ನ್ಯೂ ಮೆಕ್ಸಿಕೋ ಪ್ರಾಂತ್ಯವನ್ನು ವಶಪಡಿಸಿಕೊಂಡ ಹೊತ್ತಿಗೆ ಅಲ್ಲಿ ನೆಲೆಗೊಂಡ ಸಾಲೊಮನ್ ಜೇಕಬ್ ಸ್ಪೀಗೆಲ್‌ಬರ್ಗ್ ತಮ್ಮ ಸಹೋದರರನ್ನು ಒಬ್ಬೊಬ್ಬರಾಗಿ ಜರ್ಮನಿಯಿಂದ ಕರೆಸಿಕೊಂಡರು. ಕೆಲವರು ಸಾಂತಾ ಫೇಯಲ್ಲಿ ಮಾರಿದರು, ಲೆವಿ ಎಂಬ ಸಹೋದರ ನ್ಯೂಯಾರ್ಕಿನಲ್ಲಿದ್ದು ಖರೀದಿ ನೋಡಿಕೊಂಡರು. ಪತ್ರವೊಂದು ತಲುಪಲು ವಾರಗಳು ಹಿಡಿಯುತ್ತಿದ್ದ ಕಾಲದಲ್ಲಿ ದೂರದ ಊರಿನ ವರ್ತಕನಿಗೆ ಸಾಲ ಕೊಡುವವರು ಯಾರನ್ನು ನಂಬಿ ಕೊಡಬೇಕು? ಒಡಹುಟ್ಟಿದವರ ಮತ್ತು ಮದುವೆಯ ಸಂಬಂಧಗಳೇ ಅಲ್ಲಿ ಪತ್ತು ಹುಟ್ಟಿಸುತ್ತಿದ್ದವು. ಇಲ್‌ಫೆಲ್ಡ್ ಅವರೂ 1874ರಲ್ಲಿ ನಾರ್ಡ್‌ಹಾಸ್ ಮನೆತನದ ಅಡೆಲೆಯನ್ನು ಮದುವೆಯಾದರು, ಮುಂದೆ ಆಕೆಯ ಸಹೋದರ ಮ್ಯಾಕ್ಸ್ ನಾರ್ಡ್‌ಹಾಸ್ ಕಂಪನಿಯ ಆಡಳಿತಕ್ಕೇ ಹೆಗಲು ಕೊಟ್ಟರು.

ಚಿಲ್ಲರೆಯ ಅಭಾವ ಎಷ್ಟಿತ್ತೆಂದರೆ 1863ರಲ್ಲಿ ಸ್ಪೀಗೆಲ್‌ಬರ್ಗ್ ಅಂಗಡಿ ತನ್ನದೇ ಹೆಸರಿನ ಸಣ್ಣ ಮೊತ್ತದ ಕಾಗದದ ಚೀಟಿಗಳನ್ನು ಅಚ್ಚುಹಾಕಿಸಿ ಚಲಾವಣೆಗೆ ಬಿಟ್ಟಿತು. 1872ರಲ್ಲಿ ಅದೇ ಮನೆತನ ಸಾಂತಾ ಫೇಯ ಸೆಕೆಂಡ್ ನ್ಯಾಷನಲ್ ಬ್ಯಾಂಕನ್ನು ಸ್ಥಾಪಿಸಿತು. ಅದಕ್ಕೂ ಮುಂಚಿನ ದಶಕಗಳಲ್ಲಿ ಠೇವಣಿ ಇಟ್ಟುಕೊಳ್ಳುವುದು, ಸಾಲ ಕೊಡುವುದು, ಹುಂಡಿ ಬರೆಯುವುದು ಎಲ್ಲವೂ ಅಂಗಡಿಯ ಕೆಲಸವೇ ಆಗಿದ್ದವು.

ಮೂರನೆಯ ಉತ್ತರ

ಈ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಸಾಲದ ಇನ್ನೊಂದು ಬದಿಯಲ್ಲಿದ್ದವರನ್ನು ಬಿಟ್ಟು ಈ ಕಥೆ ಹೇಳಬಾರದು. ನ್ಯೂ ಮೆಕ್ಸಿಕೋದಲ್ಲಿ ಸ್ಪ್ಯಾನಿಷರ ಕಾಲದಿಂದಲೂ 'ಪಾರ್ತಿದೊ' ಎಂಬ ಪದ್ಧತಿ ಇತ್ತು. ನಮ್ಮಲ್ಲಿ ಕುರಿಯನ್ನು ಪಾಲಿಗೆ ಸಾಕಲು ಕೊಡುವಂತೆ, ಒಡೆಯ ಹೆಣ್ಣುಕುರಿಗಳ ಮಂದೆಯನ್ನು ಕುರಿಗಾಹಿಗೆ ಒಪ್ಪಿಸಿ, ಪ್ರತಿ ವರ್ಷ ಗೊತ್ತುಪಡಿಸಿದಷ್ಟು ಮರಿ ಅಥವಾ ಉಣ್ಣೆಯನ್ನು ಪಡೆದು, ಕರಾರು ಮುಗಿದಾಗ ಮೂಲ ಮಂದೆಯಷ್ಟೇ ಕುರಿಗಳನ್ನು ಹಿಂದಕ್ಕೆ ಕೇಳುತ್ತಿದ್ದ. ಬರಗಾಲದಲ್ಲಿಯೋ ಹಿಮದಲ್ಲಿಯೋ ಕುರಿ ಸತ್ತರೆ ನಷ್ಟ ಸಾಮಾನ್ಯವಾಗಿ ಸಾಕಿದವನ ತಲೆಯ ಮೇಲೆ ಬೀಳುತ್ತಿತ್ತು. ವರ್ತಕರು ಈ ಪದ್ಧತಿಯನ್ನು ತಮ್ಮ ಖಾತೆ ಪುಸ್ತಕಕ್ಕೆ ಜೋಡಿಸಿಕೊಂಡರು. ಕುರಿಗಾಹಿ ಮಂದೆಯನ್ನೂ ದಿನಸಿಯನ್ನೂ ಅವರಿಂದಲೇ ಪಡೆದು, ಉಣ್ಣೆಯನ್ನೂ ಅವರಿಗೇ ಒಪ್ಪಿಸಬೇಕಾಯಿತು. ಉಣ್ಣೆಯ ಬೆಲೆ ಕುಸಿದ ವರ್ಷ ಸಾಲ ತೀರುತ್ತಿರಲಿಲ್ಲ. 1894ರ ಸುಂಕದ ಕಾಯಿದೆಯು ಕಚ್ಚಾ ಉಣ್ಣೆಯ ಆಮದು ಸುಂಕವನ್ನು ತೆಗೆದುಹಾಕಿ, 1897ರಲ್ಲಿ ಅದು ಮರಳಿ ಬರುವವರೆಗಿನ ಅವಧಿ ಕುರಿ ಸಾಕುವವರಿಗೆ ಬಹಳ ಕಠಿಣವಾಗಿತ್ತು.

ಸೇನೆಯ ಗುತ್ತಿಗೆಗಳ ಬಗ್ಗೆಯೂ ಒಂದು ಮಾತು. 1863ರಿಂದ 1868ರವರೆಗೆ ನವಾಹೊ ಎಂಬ ಮೂಲನಿವಾಸಿ ಜನರನ್ನು, 8,000ಕ್ಕೂ ಹೆಚ್ಚು ಮಂದಿಯನ್ನು, ಸೇನೆ ಅವರ ನೆಲದಿಂದ ಕಿತ್ತು ನ್ಯೂ ಮೆಕ್ಸಿಕೋದ ಬೋಸ್ಕೆ ರೆದೋಂದೊ ಎಂಬಲ್ಲಿ ಸೆರೆಯಿಟ್ಟಾಗ, ಅಲ್ಲಿಗೆ ಧಾನ್ಯ, ಹಿಟ್ಟು, ಮಾಂಸ ಒದಗಿಸುವ ಗುತ್ತಿಗೆಗಳು ಪ್ರಾಂತ್ಯದ ದೊಡ್ಡ ವ್ಯಾಪಾರಗಳಲ್ಲಿ ಒಂದಾಗಿದ್ದವು. ಆ ವರ್ಷಗಳ ಸಮೃದ್ಧಿಯ ಬಗ್ಗೆ ಬರೆಯುವವರು ಇದನ್ನೂ ಬರೆಯಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಪಾರ್ತಿದೊ ವಿಷಯ ನನಗೆ ಹೊಸದು. 1879ರಲ್ಲಿ ರೈಲು ಬಂದ ಮೇಲೆ ಈ ವ್ಯವಸ್ಥೆ ಏಕೆ ಕುಸಿಯಲಿಲ್ಲ ಎಂಬುದನ್ನೂ ತಿಳಿಸುವಿರಾ?

ಮೊದಲ ಉತ್ತರ ಬರೆದವರು

ಕೆಲವರ ಪಾಲಿಗೆ ಕುಸಿಯಿತು. 1879ರ ಜುಲೈ 4ರಂದು ಲಾಸ್ ವೇಗಸ್‌ಗೆ ರೈಲು ಬಂದಾಗ ನಿಲ್ದಾಣವು ಹಳೆಯ ಚೌಕದಿಂದ ದೂರದಲ್ಲಿ ಕಟ್ಟಲ್ಪಟ್ಟು, ಅದರ ಸುತ್ತ ಹೊಸ ಊರೇ ಬೆಳೆಯಿತು. ಸಾಂತಾ ಫೇಯನ್ನು ಮುಖ್ಯ ಮಾರ್ಗ ತಪ್ಪಿಸಿಯೇ ಹೋಯಿತು. 1880ರಲ್ಲಿ ಅದಕ್ಕೆ ದಕ್ಕಿದ್ದು ಮುಖ್ಯ ಮಾರ್ಗದ ಲೇಮಿ ಎಂಬ ನಿಲ್ದಾಣದಿಂದ ಒಂದು ಕವಲು ಹಳಿ ಮಾತ್ರ. ಸ್ಪೀಗೆಲ್‌ಬರ್ಗ್ ಸಹೋದರರು ಕ್ರಮೇಣ ನ್ಯೂಯಾರ್ಕಿಗೆ ಮರಳಿದರು, ಕೊನೆಯದಾಗಿ ವಿಲ್ಲಿ 1893ರಲ್ಲಿ ಹೊರಟರು.

ಇಲ್‌ಫೆಲ್ಡ್ ಹಳೆಯ ಚೌಕವನ್ನು ಬಿಡದೆ ಅಲ್ಲೇ ದೊಡ್ಡ ಮಳಿಗೆ ಕಟ್ಟಿಸಿದರು, ಕ್ರಮೇಣ ಚಿಲ್ಲರೆಗಿಂತ ಸಗಟಿನ ಕಡೆಗೆ ಹೊರಳಿದರು. ರೈಲು ಪೂರ್ವದ ಸರಕನ್ನು ನಿಲ್ದಾಣದವರೆಗೆ ಅಗ್ಗವಾಗಿ ತಂದಿತೇ ಹೊರತು, ಹಳಿಯಿಂದ ಎಷ್ಟೋ ದೂರದಲ್ಲಿದ್ದ ಹಳ್ಳಿಯ ಅಂಗಡಿಗೆ ಉದ್ದರಿ ಕೊಡಲಿಲ್ಲ, ಅದರ ಉಣ್ಣೆಯನ್ನು ಕೊಳ್ಳಲೂ ಇಲ್ಲ. ಆ ಎರಡು ಕೆಲಸಗಳು ವರ್ತಕನ ಬಳಿಯೇ ಉಳಿದವು, ಉಣ್ಣೆ ಸಾಗಿಸುವ ಖರ್ಚು ಇಳಿದದ್ದರಿಂದ ಅವುಗಳ ವಹಿವಾಟು ಬೆಳೆಯಿತು ಕೂಡ. ಇಲ್‌ಫೆಲ್ಡ್ 1929ರಲ್ಲಿ ತೀರಿಕೊಂಡ ನಂತರವೂ ಅವರ ಹೆಸರಿನ ಕಂಪನಿ ನಡೆಯುತ್ತಲೇ ಇತ್ತು.