ಜರ್ಮನಿಯಲ್ಲಿ ವಾಲ್‌ಮಾರ್ಟ್ ಸೋತದ್ದು ನಗುವಿನಿಂದಲೇ?

ಪ್ರಶ್ನೆ (ವಾಣಿಜ್ಯ ಅಧ್ಯಾಪಕಿ, ಧಾರವಾಡ):
ಅಮೆರಿಕದ ಚಿಲ್ಲರೆ ವ್ಯಾಪಾರ ಸಂಸ್ಥೆ ವಾಲ್‌ಮಾರ್ಟ್ 1997ರ ಕೊನೆಗೆ ವೆರ್ಟ್‌ಕೌಫ್ ಎಂಬ ಅಲ್ಲಿಯ ಅಂಗಡಿ ಸರಣಿಯ 21 ಮಳಿಗೆಗಳನ್ನೂ ಮರುವರ್ಷ ಇಂಟರ್‌ಸ್ಪಾರ್‌ನ 74 ಮಳಿಗೆಗಳನ್ನೂ ಕೊಂಡು ಜರ್ಮನಿಗೆ ಕಾಲಿಟ್ಟಿತು. 2006ರಲ್ಲಿ ತನ್ನ 85 ಮಳಿಗೆಗಳನ್ನು ಜರ್ಮನಿಯದೇ ವ್ಯಾಪಾರ ಸಂಸ್ಥೆಯಾದ ಮೆಟ್ರೊಗೆ ಮಾರಿ ಹೊರಟುಹೋಯಿತು. ಬಾಗಿಲಲ್ಲಿ ನಗುತ್ತಾ ಸ್ವಾಗತಿಸುವ ಅಮೆರಿಕದ ರೀತಿ ಜರ್ಮನರಿಗೆ ಹಿಡಿಸಲಿಲ್ಲವೆಂಬ ಕಾರಣವನ್ನೇ ಎಲ್ಲೆಡೆ ಓದುತ್ತೇನೆ. ಅಷ್ಟು ದೊಡ್ಡ ಸಂಸ್ಥೆ ಒಂದು ನಗುವಿಗೆ ಸೋತಿತೆಂದು ಪಾಠ ಹೇಳಲು ಮನಸ್ಸು ಒಪ್ಪುತ್ತಿಲ್ಲ. ಬಲ್ಲವರು ತಿಳಿಸಬೇಕು.

ಉತ್ತರ (ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗ):
ನಿಮ್ಮ ಸಂಶಯ ಸರಿಯಾದದ್ದೇ. ಅಗ್ಗದ ಬೆಲೆಗೆ ಹೆಸರಾದ ಇಲ್ಲಿಯ ಆಲ್ಡಿ ಅಂಗಡಿಯಲ್ಲಿ ಎಷ್ಟೋ ಸಾಮಾನು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಇರುತ್ತದೆ. ಬಿಲ್ ಹಾಕುವವರು ಅದನ್ನು ಎಷ್ಟು ಬೇಗ ದಾಟಿಸುತ್ತಾರೆಂದರೆ, ನಾವು ಎಲ್ಲವನ್ನೂ ಗಾಡಿಗೆ ಎಳೆದುಕೊಂಡು, ಗೋಡೆ ಬದಿಯ ಹಲಗೆಯ ಬಳಿ ನಿಂತು ಚೀಲಕ್ಕೆ ತುಂಬಿಕೊಳ್ಳಬೇಕು. ಇದನ್ನು ಯಾರೂ ಅಗೌರವವೆಂದು ಭಾವಿಸುವುದಿಲ್ಲ, ಏಕೆಂದರೆ ಬೆಲೆ ಕಡಿಮೆಯಿರುವುದು ಇದರಿಂದಲೇ ಎಂಬುದು ಎಲ್ಲರಿಗೂ ಗೊತ್ತು. ಇಂಥವರ ಚೀಲವನ್ನು ವಾಲ್‌ಮಾರ್ಟ್‌ನ ಸಿಬ್ಬಂದಿಯೇ ತುಂಬಿಕೊಟ್ಟರೆ ಅದು ಬೇಡದ ಖರ್ಚಾಗಿ ಕಾಣುತ್ತದೆ. ಆದರೆ ದೊಡ್ಡ ಪೆಟ್ಟು ಬಿದ್ದದ್ದು ಬೆಲೆಯಲ್ಲೇ. ವಾಲ್‌ಮಾರ್ಟ್‌ನ ಬಲವೇ ಅಗ್ಗದ ಬೆಲೆ. ಆ ಜಾಗವನ್ನು ಆಲ್ಡಿ, ಲಿಡ್ಲ್ ಎಂಬ ಅಗ್ಗದ ಅಂಗಡಿ ಸರಣಿಗಳು ಮೊದಲೇ ಹಿಡಿದಿದ್ದವು. ಅಸಲಿಗಿಂತ ಕಡಿಮೆಗೆ ಮಾರಿ ಗಿರಾಕಿಗಳನ್ನು ಸೆಳೆಯೋಣವೆಂದರೆ, 2000ದಲ್ಲಿ ಇಲ್ಲಿಯ ಸ್ಪರ್ಧಾ ನಿಯಂತ್ರಣ ಸಂಸ್ಥೆ ಹಾಲು, ಹಿಟ್ಟು, ಸಕ್ಕರೆಯಂಥ ಪದಾರ್ಥಗಳನ್ನು ಹಾಗೆ ಮಾರಕೂಡದೆಂದು ವಾಲ್‌ಮಾರ್ಟ್‌ಗೂ ಈ ಪ್ರತಿಸ್ಪರ್ಧಿಗಳಿಗೂ ಆದೇಶಿಸಿತು.

ಉತ್ತರ (ಮಾನವ ಸಂಪನ್ಮೂಲ ವಿಭಾಗದಲ್ಲಿ ದುಡಿಯುವವರು):
ಗಿರಾಕಿಗಳ ಮಾತಾಯಿತು, ನೌಕರರ ಮಾತನ್ನೂ ಪಾಠದಲ್ಲಿ ದಯವಿಟ್ಟು ಸೇರಿಸಿ. ಅಲ್ಲಿಗೆ ಕಳುಹಿಸಿದ ಮೊದಲ ಮುಖ್ಯಸ್ಥರಿಗೆ ಜರ್ಮನ್ ಬಾರದು. ಮೇಲ್ಮಟ್ಟದ ಆಡಳಿತವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕೆಂದಾಯಿತು. ಜರ್ಮನಿಯಲ್ಲಿ ನೌಕರರು ಚುನಾಯಿಸಿದ ಮಂಡಳಿಗೆ ಕೆಲಸದ ಸ್ಥಳದ ಎಷ್ಟೋ ನಿಯಮಗಳಲ್ಲಿ ಕಾನೂನುಬದ್ಧ ಪಾಲಿದೆ. ಹೀಗಿದ್ದೂ ಅಮೆರಿಕದಲ್ಲಿ ಬರೆದ ನಡವಳಿಕೆಯ ಸಂಹಿತೆಯನ್ನು ಆ ಮಂಡಳಿಯ ಒಪ್ಪಿಗೆಯಿಲ್ಲದೆ ತಂದಾಗ, 2005ರಲ್ಲಿ ವುಪ್ಪರ್ಟಾಲ್‌ನ ಕಾರ್ಮಿಕ ನ್ಯಾಯಾಲಯ ಅದರ ಹಲವು ಅಂಶಗಳನ್ನು ತಳ್ಳಿಹಾಕಿತು; ಸಹೋದ್ಯೋಗಿಗಳ ಪ್ರೇಮಸಂಬಂಧಕ್ಕೆ ಕಡಿವಾಣ ಹಾಕುವ ನಿಯಮವೂ ಅದರಲ್ಲಿತ್ತು. ಸಂಸ್ಕೃತಿಯೆಂದರೆ ನಗು, ನಮಸ್ಕಾರ ಮಾತ್ರವಲ್ಲ. ಒಂದು ನಾಡು ದುಡಿಯುವವರಿಗೆ ಬರೆದುಕೊಟ್ಟ ಹಕ್ಕೂ ಅದೇ ಸಂಸ್ಕೃತಿಯ ಭಾಗವೆಂದು ನಾನು ನಂಬಿದ್ದೇನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಹಾಗಾದರೆ 2018ರಲ್ಲಿ ವಾಲ್‌ಮಾರ್ಟ್ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಸುಮಾರು 77 ಶೇಕಡಾ ಪಾಲನ್ನು 1,600 ಕೋಟಿ ಡಾಲರಿಗೆ ಕೊಂಡ ಮೇಲೂ ಅದರ ಹೆಸರನ್ನು ಹಾಗೆಯೇ ಉಳಿಸಿದ್ದು, ಜರ್ಮನಿಯಲ್ಲಿ ಕಲಿತ ಪಾಠದಿಂದಲೇ?

ಉತ್ತರ (ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗ):
ಅಷ್ಟು ನೇರವಾಗಿ ಹೇಳಲಾರೆ. ಭಾರತದ ವಿದೇಶಿ ಹೂಡಿಕೆಯ ನಿಯಮಗಳು ಹಲವು ಬ್ರಾಂಡ್‌ಗಳ ಚಿಲ್ಲರೆ ಅಂಗಡಿಗಳನ್ನು ವಿದೇಶಿ ಕಂಪನಿ ಪೂರ್ತಿಯಾಗಿ ತಾನೇ ನಡೆಸಲು ಬಿಡದ ಕಾರಣ, ವಾಲ್‌ಮಾರ್ಟ್ ಅಲ್ಲಿ ಬಹುಕಾಲ ಸಗಟು ಮಳಿಗೆಗಳಿಗೇ ಸೀಮಿತವಾಗಿತ್ತು. ಜನರ ಬಾಯಲ್ಲಿ ಆಗಲೇ ನೆಲೆಯೂರಿದ್ದ ಹೆಸರನ್ನು ಅಳಿಸಲಿಲ್ಲವೆಂಬುದು ಮಾತ್ರ ನಿಜ, ಮತ್ತು ಅದು ಒಳ್ಳೆಯ ತೀರ್ಮಾನವೇ.